ದ್ರವ್ಯ, ಶಾಖ, ಶಬ್ದ: ಮನೆಯಲ್ಲೇ ಮಕ್ಕಳಿಗೆ ಅರ್ಥ ಮಾಡಿಸುವುದು ಹೇಗೆ?

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಕನ್ನಡ ಪಾಲಕರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಪುಣೆ, ಪಣಜಿಯಿಂದಲೂ ಇದನ್ನೇ ಕೇಳುತ್ತಾರೆ. "ಮಗು ವಿಜ್ಞಾನದ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದೆ. ಸ್ವಲ್ಪ ತಿರುಗಿಸಿ ಕೇಳಿದರೆ ಮಾತ್ರ ಸುಮ್ನೆ ನಿಂತುಬಿಡುತ್ತದೆ. ನಾವು ಮನೆಯಲ್ಲಿ ಏನು ಮಾಡಬಹುದು?"

ಆರರಿಂದ ಎಂಟನೇ ತರಗತಿಯೊಳಗೆ ದ್ರವ್ಯ, ಶಾಖ, ಶಬ್ದ ಈ ಮೂರೂ ಪಾಠಗಳು ಬರುತ್ತವೆ. ಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯ. ಆದರೆ ಮೂರರ ಒಳಗೂ ಓಡುವ ಎಳೆ ಒಂದೇ: ಕಣ. ಎಲ್ಲ ವಸ್ತುಗಳೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಿಂದ ಆಗಿವೆ, ಆ ಕಣಗಳು ಯಾವಾಗಲೂ ಅಲುಗಾಡುತ್ತಿರುತ್ತವೆ. ಇಷ್ಟು ಮಗುವಿನ ತಲೆಯಲ್ಲಿ ಕೂತರೆ ಉಳಿದದ್ದು ತಾನಾಗಿ ಜೋಡಿಸಿಕೊಳ್ಳುತ್ತದೆ. ಅದಕ್ಕೇ ನಾನು ಹೇಳುವ ಕ್ರಮ ಹೀಗೆ: ಮೊದಲು ದ್ರವ್ಯ, ಆಮೇಲೆ ಶಾಖ, ಕೊನೆಗೆ ಶಬ್ದ. ಪುಸ್ತಕದಲ್ಲಿ ಕ್ರಮ ಬೇರೆ ಇದ್ದರೂ ಮನೆಯಲ್ಲಿ ಇದೇ ಕ್ರಮ ಇಟ್ಟುಕೊಳ್ಳಿ.

ಏನೇನು ಬೇಕು?

ಬಹುತೇಕ ಎಲ್ಲವೂ ಅಡುಗೆಮನೆಯಲ್ಲಿದೆ. ಸ್ಟೀಲ್ ಲೋಟ, ಸ್ಟೀಲ್ ತಟ್ಟೆ, ಚಪಾತಿ ಲಟ್ಟಿಸುವ ಮರದ ಮಣೆ, ಐಸ್, ಸಕ್ಕರೆ, ರವೆ, ಕಡಲೆಕಾಳು, ಬಲೂನು, ರಬ್ಬರ್ ಬ್ಯಾಂಡ್, ದಾರ, ಕಾಗದದ ಕಪ್. ಔಷಧಿ ಅಂಗಡಿಯಿಂದ ಸೂಜಿ ಇಲ್ಲದ ಒಂದು ಸಿರಿಂಜ್ ತನ್ನಿ. 1 ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆ ತೂಕದ ಯಂತ್ರ ಇದ್ದರೆ ಬಹಳ ಒಳ್ಳೆಯದು.

ಹಣ ಕೊಟ್ಟು ಕೊಳ್ಳಲೇಬೇಕಾದದ್ದು ಒಂದೇ, ಲ್ಯಾಬ್ ಥರ್ಮಾಮೀಟರ್. ಮೈನಸ್ 10ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಗುರುತು ಇರುವುದನ್ನು ಕೇಳಿ. ಒಳಗೆ ಕೆಂಪು ದ್ರವ ಇರಬೇಕು, ಪಾದರಸ ಬೇಡ. ಒಡೆದರೆ ಪಾದರಸ ವಿಷ. ಮುಂಬಯಿಯಲ್ಲಿ ಪ್ರಿನ್ಸೆಸ್ ಸ್ಟ್ರೀಟ್ ಕಡೆ ಲ್ಯಾಬ್ ಸಾಮಾನಿನ ಅಂಗಡಿಗಳಿವೆ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಹಾಕಬೇಡಿ. ಅದು ಮೈ ಬಿಸಿಯ ಆಸುಪಾಸಿನ ಕೆಲವೇ ಡಿಗ್ರಿಗಳಿಗೆ ಮಾಡಿದ್ದು, ಕೆಟ್ಟುಹೋಗುತ್ತದೆ.

ಪುಸ್ತಕದ ಪದಗಳ ಬಗ್ಗೆ ಒಂದು ಮಾತು. ಮರಾಠಿ ಪುಸ್ತಕದಲ್ಲಿ ಘನಕ್ಕೆ 'ಸ್ಥಾಯೂ', ಅನಿಲಕ್ಕೆ 'ವಾಯೂ' ಎಂದಿರುತ್ತದೆ. ಮನೆಯಲ್ಲಿ ಕನ್ನಡದಲ್ಲೇ ಮಾತಾಡಿ, ಬರೆಯುವಾಗ ಮಾತ್ರ ಶಾಲೆಯ ಪದ ಬರೆಸಿ.

1. ಮೊದಲು ಊಹೆ, ಆಮೇಲೆ ಪ್ರಯೋಗ, ಕೊನೆಗೆ ಹೆಸರು

ಒಂದು ನೋಟ್‌ಬುಕ್ ತೆಗೆದು ಮೂರು ಕಾಲಂ ಹಾಕಿಸಿ: 'ನನ್ನ ಊಹೆ', 'ಕಂಡದ್ದು', 'ಯಾಕೆ'. ಪ್ರತಿ ಪ್ರಯೋಗಕ್ಕೂ ಮುಂಚೆ ಮಗು ತನ್ನ ಊಹೆಯನ್ನು ಬರೆಯಲೇಬೇಕು. ಬರೆಯದೆ ಬಾಯಲ್ಲಿ ಹೇಳಿದರೆ ಸಾಲದು. ಉತ್ತರ ಬಂದ ಮೇಲೆ "ನಾನೂ ಅದನ್ನೇ ಅಂದ್ಕೊಂಡಿದ್ದೆ" ಅನ್ನುವುದು ಸುಲಭ.

ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ. ನಾವು ವ್ಯಾಖ್ಯೆಯಿಂದ ಶುರು ಮಾಡುತ್ತೇವೆ. 'ಆವಿಯಾಗುವಿಕೆ ಎಂದರೆ...' ಎಂದು ಹೇಳಿಬಿಟ್ಟ ಮೇಲೆ ಮಗುವಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ನೋಡಿದ್ದಕ್ಕೆ ಹೆಸರು ಕೊನೆಯಲ್ಲಿ ಕೊಡಿ. ಊಹೆ ತಪ್ಪಾದರೆ ಅಳಿಸಲು ಬಿಡಬೇಡಿ. ತಪ್ಪಿದ ಊಹೆಯ ಪಕ್ಕದಲ್ಲಿ ಬರೆದ 'ಯಾಕೆ' ಅನ್ನುವುದೇ ನೆನಪಿನಲ್ಲಿ ಉಳಿಯುವುದು.

2. ಗಾಳಿಗೂ ತೂಕ ಇದೆ ಎಂದು ತೋರಿಸಿ

ದ್ರವ್ಯ ಅಂದರೆ ಜಾಗ ಹಿಡಿಯುವ, ತೂಕ ಇರುವ ಯಾವುದೇ ವಸ್ತು. ಕಲ್ಲು, ನೀರು ಎರಡನ್ನೂ ಮಕ್ಕಳು ಒಪ್ಪುತ್ತಾರೆ. ಗಾಳಿಯನ್ನು ಒಪ್ಪುವುದಿಲ್ಲ.

ಲೋಟದ ತಳಕ್ಕೆ ಕಾಗದದ ಉಂಡೆ ಅಂಟಿಸಿ, ಲೋಟವನ್ನು ಬೋರಲಾಗಿ ನೇರವಾಗಿ ಬಕೆಟ್ ನೀರಿಗೆ ಒತ್ತಿ. ಹೊರಗೆ ತೆಗೆದಾಗ ಕಾಗದ ಒಣಗಿಯೇ ಇರುತ್ತದೆ. ಒಳಗಿನ ಗಾಳಿ ಜಾಗ ಬಿಟ್ಟುಕೊಡಲಿಲ್ಲ, ಅಷ್ಟೇ. ಲೋಟ ಸ್ವಲ್ಪ ವಾರೆಯಾದರೂ ಗುಳ್ಳೆ ಬಂದು ನೀರು ನುಗ್ಗುತ್ತದೆ. ಅದನ್ನೂ ಬೇಕೆಂದೇ ಮಾಡಿ ತೋರಿಸಿ.

ಇನ್ನು ತೂಕ. ಬಲೂನು ಊದಿ ತೂಗುವ ಪ್ರಯೋಗ ಎಲ್ಲರೂ ಹೇಳುತ್ತಾರೆ. ಮನೆಯ ತೂಕದ ಯಂತ್ರದಲ್ಲಿ ಅದು ಕಾಣುವುದಿಲ್ಲ. 1 ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ ಇದ್ದರೂ, ಊದಿದ ಬಲೂನನ್ನು ಸುತ್ತಲಿನ ಗಾಳಿ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ಅದರ ಬದಲು ಫುಟ್‌ಬಾಲ್ ತೆಗೆದುಕೊಳ್ಳಿ. ಮೆತ್ತಗಿದ್ದರೂ ದುಂಡಗೆ ಇರುವಷ್ಟೇ ಗಾಳಿ ಉಳಿಸಿ, ಒಂದು ಬಟ್ಟಲಿನ ಮೇಲಿಟ್ಟು ತೂಗಿ. ಆಮೇಲೆ ಪಂಪ್‌ನಿಂದ ಗಟ್ಟಿಯಾಗಿ ಗಾಳಿ ತುಂಬಿ ಮತ್ತೆ ತೂಗಿ. ಚೆಂಡಿನ ಗಾತ್ರ ಅಷ್ಟೇ ಇದೆ, ತೂಕ ಮಾತ್ರ ಕೆಲವು ಗ್ರಾಂ ಜಾಸ್ತಿ. ಸೇರಿದ್ದು ಗಾಳಿ ಮಾತ್ರ ಅಲ್ವಾ?

3. ಕಣಗಳ ನಡುವಿನ ಜಾಗ

ಸಿರಿಂಜ್‌ನಲ್ಲಿ ಗಾಳಿ ಎಳೆದು ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲು ಹೇಳಿ. ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹಿಂದೆ ಬರುತ್ತದೆ. ಈಗ ನೀರು ಎಳೆದು ಅದೇ ರೀತಿ ಒತ್ತಿ. ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ಅನಿಲದ ಕಣಗಳು ದೂರ ದೂರ, ದ್ರವದ ಕಣಗಳು ಒತ್ತೊತ್ತಾಗಿ ಇವೆ. ಎಚ್ಚರ: ನೀರಿನಲ್ಲಿ ಒಂದು ಸಣ್ಣ ಗುಳ್ಳೆ ಉಳಿದರೂ ಪ್ರಯೋಗ ಕೆಡುತ್ತದೆ. ಸಿರಿಂಜ್ ಮೇಲಕ್ಕೆ ಹಿಡಿದು ಬೆರಳಿನಿಂದ ತಟ್ಟಿ ಗುಳ್ಳೆ ಹೊರಗೆ ಹಾಕಿ.

ಮುಂದೆ 200 ಗ್ರಾಂ ನೀರಿಗೆ 20 ಗ್ರಾಂ ಸಕ್ಕರೆ ಹಾಕಿ ಕದಡಿ. ತೂಕ ಎಷ್ಟಿರುತ್ತದೆ ಎಂದು ಮೊದಲು ಊಹೆ ಬರೆಸಿ. 'ಸಕ್ಕರೆ ಮಾಯವಾಯಿತು, 200' ಎಂದು ಬರೆಯುವ ಮಕ್ಕಳು ಬಹಳ. ಯಂತ್ರ 220 ತೋರಿಸುತ್ತದೆ. ಸಕ್ಕರೆ ಎಲ್ಲೂ ಹೋಗಿಲ್ಲ, ಕಣಕಣವಾಗಿ ನೀರಿನಲ್ಲಿ ಹರಡಿದೆ. ಅದು ಹೇಗೆ ಎಂದು ಕೇಳಿದರೆ ಒಂದು ಬಟ್ಟಲು ಕಡಲೆಕಾಳಿನ ಮೇಲೆ ರವೆ ಸುರಿದು ಬಟ್ಟಲು ಅಲ್ಲಾಡಿಸಿ. ತುಂಬಿದಂತೆ ಕಾಣುವ ಬಟ್ಟಲಿನಲ್ಲೂ ರವೆಗೆ ಜಾಗ ಸಿಗುತ್ತದೆ.

'ಕರಗುವುದು' ಎಂಬ ಮಾತನ್ನು ನಾವು ಐಸ್‌ಗೂ ಸಕ್ಕರೆಗೂ ಬಳಸುತ್ತೇವೆ. ಇಲ್ಲಿ ಗೊಂದಲ ಆಗದಂತೆ ನೋಡಿಕೊಳ್ಳಿ. ಐಸ್ ಕರಗಲು ಶಾಖ ಸಾಕು, ಅದು ತಾನೇ ನೀರಾಗುತ್ತದೆ. ಸಕ್ಕರೆ ಕರಗಲು ನೀರು ಬೇಕು, ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ.

4. ಐಸ್, ನೀರು, ಆವಿ

ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಐಸ್ ಹಾಕಿ ತೂಗಿ. ಪೂರ್ತಿ ಕರಗಿದ ಮೇಲೆ ಮತ್ತೆ ತೂಗಿ. ತೂಕ ಅಷ್ಟೇ ಇರಬೇಕು. ಆದರೆ ಮುಂಬಯಿಯಲ್ಲೂ ಗೋವಾದಲ್ಲೂ ತೂಕ ಜಾಸ್ತಿ ಬರುತ್ತದೆ! ಕಾರಣ, ಡಬ್ಬಿಯ ಹೊರಗೆ ನೀರಿನ ಹನಿಗಳು ಕೂತಿರುತ್ತವೆ. ಒಣ ಬಟ್ಟೆಯಿಂದ ಒರೆಸಿ ತೂಗಿದರೆ ಲೆಕ್ಕ ಸರಿಹೋಗುತ್ತದೆ.

ಒರೆಸುವ ಮುಂಚೆ ಸ್ವಲ್ಪ ನಿಲ್ಲಿ, ಇದು ಒಳ್ಳೆಯ ಅವಕಾಶ. ಹೊರಗಿನ ನೀರು ಎಲ್ಲಿಂದ ಬಂತು? "ಒಳಗಿನಿಂದ ಸೋರಿತು" ಎನ್ನುತ್ತದೆ ಮಗು. ವಾದ ಮಾಡಬೇಡಿ. ಇನ್ನೊಂದು ಲೋಟಕ್ಕೆ ಐಸ್ ನೀರು ಹಾಕಿ ಅರಿಶಿನವೋ ಶರಬತ್ತೋ ಬೆರೆಸಿ ಇಡಿ. ಹೊರಗಿನ ಹನಿಗಳಿಗೆ ಬಣ್ಣ ಇರುವುದಿಲ್ಲ. ಅಂದರೆ ಅದು ಗಾಳಿಯಲ್ಲಿದ್ದ ನೀರಾವಿ. ತಣ್ಣನೆಯ ಲೋಟಕ್ಕೆ ತಾಗಿ ಮತ್ತೆ ದ್ರವವಾಯಿತು. ಇದರ ಹೆಸರು ಸಾಂದ್ರೀಕರಣ. ಕಡಲ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ನಮ್ಮಲ್ಲಿ ಇದು ಐದೇ ನಿಮಿಷದಲ್ಲಿ ಕಾಣುತ್ತದೆ. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಮಾಡಿದರೆ ಹನಿ ಕಡಿಮೆ.

ಈ ತೇವದ ವ್ಯತ್ಯಾಸವನ್ನೇ ಹಿಡಿದು ಆವಿಯಾಗುವಿಕೆಗೆ ಹೋಗಿ. ಥರ್ಮಾಮೀಟರ್ ಬುರುಡೆಗೆ, ಅಂದರೆ ದ್ರವ ತುಂಬಿರುವ ಕೆಳಗಿನ ತುದಿಗೆ, ಒದ್ದೆ ಬಟ್ಟೆಯ ಚೂರು ಸುತ್ತಿ ಫ್ಯಾನ್ ಎದುರು ಹಿಡಿಯಿರಿ. ಬಟ್ಟೆ ಒದ್ದೆ ಮಾಡುವ ನೀರು ಫ್ರಿಜ್ಜಿನದಲ್ಲ, ಕೋಣೆಯಲ್ಲೇ ಇಟ್ಟ ನೀರು ಆಗಿರಬೇಕು. ತಾಪಮಾನ ಇಳಿಯುತ್ತದೆ. ನೀರಿನ ಕಣಗಳು ಹಾರಿಹೋಗಲು ಬೇಕಾದ ಶಾಖವನ್ನು ಬುರುಡೆಯಿಂದ ಎಳೆದುಕೊಳ್ಳುತ್ತವೆ. ಮುಂಬಯಿಯ ಜುಲೈನಲ್ಲಿ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುತ್ತದೆ. ಪುಣೆಯ ಬೇಸಿಗೆಯ ಒಣ ಗಾಳಿಯಲ್ಲಿ 10 ಡಿಗ್ರಿಗೂ ಜಾಸ್ತಿ ಇಳಿಯಬಹುದು. ಮಣ್ಣಿನ ಮಡಕೆಯ ನೀರು ಪುಣೆಯಲ್ಲಿ ಹೆಚ್ಚು ತಣ್ಣಗಿರುವುದಕ್ಕೂ, ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗದೆ ವಾಸನೆ ಬರುವುದಕ್ಕೂ ಕಾರಣ ಇದೇ. ಪುಣೆಯಲ್ಲಿ ನೆಂಟರಿದ್ದರೆ ಎರಡೂ ಮನೆಯ ಮಕ್ಕಳು ಒಂದೇ ದಿನ ಈ ಪ್ರಯೋಗ ಮಾಡಿ ಫೋನಿನಲ್ಲಿ ಅಂಕಿ ಹೋಲಿಸಲಿ. ಮುಂಬಯಿಯ ವಡಾಳಾ, ಭಾಂಡುಪ್ ಕಡೆಯ ಉಪ್ಪಿನ ಗದ್ದೆಗಳ ಬಗ್ಗೆ ಮಾತಾಡಲೂ ಇದೇ ಸಮಯ. ಇಂಥ ಗದ್ದೆಗಳಲ್ಲಿ ಕಡಲ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ.

ಉತ್ಪತನ, ಅಂದರೆ ಘನ ವಸ್ತು ದ್ರವವಾಗದೆ ನೇರ ಅನಿಲವಾಗುವುದನ್ನು ತೋರಿಸಲು ಕರ್ಪೂರ ಸಾಕು. ಬಿಲ್ಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು ತೆರೆದ ಜಾಗದಲ್ಲಿ ಕೆಲವು ದಿನ ಇಡಿ, ಕುಗ್ಗುವುದು ಕಾಣುತ್ತದೆ. ಬಿಸಿ ಮಾಡಬೇಡಿ, ಅದು ತಟ್ಟನೆ ಹೊತ್ತಿಕೊಳ್ಳುತ್ತದೆ. ಡಾಂಬರ್ ಗುಳಿಗೆ ಬೇಡ, ಅದು ವಿಷ.

5. ಶಾಖ ಬೇರೆ, ತಾಪಮಾನ ಬೇರೆ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಅವಸರ ಬೇಡ, ಒಂದು ವಾರ ತೆಗೆದುಕೊಂಡರೂ ಪರವಾಗಿಲ್ಲ.

ಮೂರು ಬಟ್ಟಲು ಇಡಿ: ತಣ್ಣೀರು, ಉಗುರುಬೆಚ್ಚಗಿನ ನೀರು, ಕೈ ತಡೆಯುವಷ್ಟು ಬಿಸಿನೀರು. ಮಗು ಒಂದು ಕೈ ತಣ್ಣೀರಿನಲ್ಲಿ, ಇನ್ನೊಂದು ಕೈ ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ಆಮೇಲೆ ಎರಡೂ ಕೈ ನಡುವಿನ ಬಟ್ಟಲಿಗೆ ಹಾಕಲಿ. ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ. ಹಾಗಾಗಿ ಕೈಯನ್ನು ನಂಬಲಾಗದು, ಥರ್ಮಾಮೀಟರ್ ಬೇಕು.

ಈಗ ಪ್ರಶ್ನೆ: 90 ಡಿಗ್ರಿಯ ಒಂದು ಲೋಟ ನೀರು, 40 ಡಿಗ್ರಿಯ ಒಂದು ಬಕೆಟ್ ನೀರು. ಯಾವುದರಲ್ಲಿ ಶಾಖ ಜಾಸ್ತಿ? ಲೋಟ ಎಂದು ಬಹುತೇಕ ಎಲ್ಲ ಮಕ್ಕಳೂ ಹೇಳುತ್ತಾರೆ. ಲೆಕ್ಕ ಮಾಡಿಸಿ. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕ್ಯಾಲರಿ ಶಾಖ ಬೇಕು. ಕೋಣೆಯ ತಾಪಮಾನ 28 ಡಿಗ್ರಿ ಎಂದುಕೊಳ್ಳಿ. 200 ಗ್ರಾಂ ನೀರಿನ ಲೋಟ ಅಷ್ಟು ತಣ್ಣಗಾಗುವಾಗ 200 × 62 = 12,400 ಕ್ಯಾಲರಿ ಬಿಡುತ್ತದೆ. 10 ಲೀಟರ್ ಬಕೆಟ್ 10,000 × 12 = 1,20,000 ಕ್ಯಾಲರಿ ಬಿಡುತ್ತದೆ. ಹತ್ತಿರ ಹತ್ತು ಪಟ್ಟು! ತಾಪಮಾನ ಅಂದರೆ ಕಣಗಳು ಸರಾಸರಿ ಎಷ್ಟು ಜೋರಾಗಿ ಅಲುಗಾಡುತ್ತಿವೆ ಎಂಬುದರ ಅಳತೆ. ಶಾಖ ಅಂದರೆ ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹೋಗುವ ಶಕ್ತಿ. ಎಷ್ಟು ವಸ್ತು ಇದೆ ಎಂಬುದೂ ಅದರ ಲೆಕ್ಕಕ್ಕೆ ಬರುತ್ತದೆ.

ನಂಬಿಕೆ ಬರಲು ಇದನ್ನು ಮಾಡಿಸಿ: 60 ಡಿಗ್ರಿಯ ಒಂದು ಕಪ್ ನೀರು, 30 ಡಿಗ್ರಿಯ ಒಂದು ಕಪ್ ನೀರು ಬೆರೆಸಿ. ಸುಮಾರು 45 ಬರುತ್ತದೆ, 90 ಅಲ್ಲ. ಪಾತ್ರೆಯೂ ಸ್ವಲ್ಪ ಶಾಖ ಹೀರುವುದರಿಂದ ಒಂದೆರಡು ಡಿಗ್ರಿ ಕಡಿಮೆ ಕಾಣಬಹುದು. ಬಿಸಿನೀರು ದೊಡ್ಡವರೇ ಸುರಿಯಬೇಕು.

6. ಕುದಿಯುವ ನೀರಿನ ಮುಂದೆ ಗಡಿಯಾರ ಹಿಡಿದು ನಿಲ್ಲಿ

ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಪ್ರತಿ ನಿಮಿಷ ತಾಪಮಾನ ಓದಿ. ಗ್ಯಾಸ್ ಹತ್ತಿರ ನೀವಿರಿ, ಬರೆದುಕೊಳ್ಳುವುದು ಮಗುವಿನ ಕೆಲಸ. ಥರ್ಮಾಮೀಟರ್ ಬುರುಡೆ ಪಾತ್ರೆಯ ತಳಕ್ಕೆ ತಾಗಬಾರದು. ಐಸ್‌ನಿಂದ ತೆಗೆದ ಥರ್ಮಾಮೀಟರನ್ನು ನೇರ ಕುದಿನೀರಿಗೆ ಹಾಕಿದರೆ ಗಾಜು ಒಡೆಯುತ್ತದೆ.

ಅಂಕಿ ಏರುತ್ತಾ ಹೋಗಿ, ನೀರು ಕುದಿಯಲು ಶುರುವಾದ ಮೇಲೆ ನಿಂತುಬಿಡುತ್ತದೆ. ಮುಂಬಯಿಯಲ್ಲಿ ಸುಮಾರು 100 ಡಿಗ್ರಿ. ಸಮುದ್ರ ಮಟ್ಟದಿಂದ 560 ಮೀಟರ್ ಎತ್ತರದ ಪುಣೆಯಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಸುಮಾರು 98ಕ್ಕೇ ಕುದಿಯುತ್ತದೆ. "ಥರ್ಮಾಮೀಟರ್ ಕೆಟ್ಟಿದೆ" ಎಂದು ಮಗು ಹೇಳಿದರೆ ಗ್ಯಾಸ್ ಜೋರು ಮಾಡಿ. ಗುಳ್ಳೆ ಜಾಸ್ತಿಯಾಗುತ್ತದೆ, ಅಂಕಿ ಮಾತ್ರ ಅಲುಗಾಡುವುದಿಲ್ಲ.

ಹಾಗಾದರೆ ಉರಿಯ ಶಾಖ ಎಲ್ಲಿಗೆ ಹೋಗುತ್ತಿದೆ? ನೀರಿನ ಕಣಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸಲು ಖರ್ಚಾಗುತ್ತಿದೆ. ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ತಾಪಮಾನದಲ್ಲಿ ಕಾಣದೆ ಒಳಗೆ ಅಡಗುವ ಶಾಖ ಅದು. 1 ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ತರಲು 100 ಕ್ಯಾಲರಿ ಸಾಕು. ಆ 1 ಗ್ರಾಂ ಕುದಿನೀರನ್ನು ಆವಿ ಮಾಡಲು ಇನ್ನೂ 540 ಕ್ಯಾಲರಿ ಬೇಕು. ಆವಿ ಮತ್ತೆ ನೀರಾಗುವಾಗ ಅಷ್ಟನ್ನೂ ಬಿಟ್ಟುಕೊಡುತ್ತದೆ. ಇಡ್ಲಿ ಪಾತ್ರೆಯ ಆವಿ ಕೈಗೆ ತಾಗಿದರೆ ಕುದಿನೀರಿಗಿಂತ ಕೆಟ್ಟದಾಗಿ ಸುಡುವುದು ಇದಕ್ಕೇ. ಮುಚ್ಚಳವನ್ನು ನಿಮ್ಮಿಂದ ಆಚೆಗೆ ತಿರುಗಿಸಿ ತೆಗೆಯುವುದನ್ನು ಮಗುವಿಗೆ ಇಂದೇ ಕಲಿಸಿ.

ನಿಮಗೂ ಉಪಯೋಗ ಇದೆ: ತೆರೆದ ಪಾತ್ರೆಯಲ್ಲಿ ಬೇಳೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಜೋರು ಉರಿಯಿಂದ ನೀರು ಬೇಗ ಆರುತ್ತದೆಯೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್‌ನಲ್ಲಿ ಒತ್ತಡ ಏರಿ ನೀರು ಸುಮಾರು 120 ಡಿಗ್ರಿಗೆ ಕುದಿಯುವುದರಿಂದ ಬೇಗ ಬೇಯುತ್ತದೆ.

7. ಶಾಖ ಸಾಗುವ ಮೂರು ದಾರಿ

ವಹನದಲ್ಲಿ ಒಂದು ಕಣ ಪಕ್ಕದ ಕಣಕ್ಕೆ ಶಾಖ ದಾಟಿಸುತ್ತದೆ, ತಾನು ಜಾಗ ಬಿಡುವುದಿಲ್ಲ. ಸಂವಹನದಲ್ಲಿ ಬಿಸಿಯಾದ ದ್ರವ ಅಥವಾ ಅನಿಲವೇ ಹೊರಟು ಹೋಗುತ್ತದೆ. ವಿಕಿರಣಕ್ಕೆ ನಡುವೆ ಏನೂ ಬೇಡ, ಸೂರ್ಯನ ಶಾಖ ನಮಗೆ ಬರುವುದು ಹಾಗೆ.

ವಹನಕ್ಕೆ ನನ್ನ ಮೆಚ್ಚಿನ ಪ್ರಯೋಗ ಇದು. ಸ್ಟೀಲ್ ತಟ್ಟೆ, ಮರದ ಮಣೆ ಎರಡನ್ನೂ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿ ಇಡಿ. ಬೆಳಿಗ್ಗೆ ಮುಟ್ಟಿ ನೋಡಲಿ. "ತಟ್ಟೆ ತಣ್ಣಗಿದೆ." ಹಾಗಾದರೆ ಒಂದೇ ಅಳತೆಯ ಎರಡು ಐಸ್ ತುಂಡುಗಳನ್ನು ಎರಡರ ಮೇಲೂ ಇಟ್ಟರೆ ಯಾವುದು ಮೊದಲು ಕರಗುತ್ತದೆ? ಮಣೆಯದು ಎಂದು ಊಹೆ ಬರೆಯುತ್ತಾರೆ. ಕರಗುವುದು ತಟ್ಟೆಯದು! ಎರಡರ ತಾಪಮಾನವೂ ಒಂದೇ. ಲೋಹ ಶಾಖವನ್ನು ಬೇಗ ಸಾಗಿಸುತ್ತದೆ. ನಮ್ಮ ಕೈಯಿಂದ ಬೇಗ ಎಳೆದುಕೊಳ್ಳುತ್ತದೆ, ಐಸ್‌ಗೆ ಬೇಗ ಕೊಡುತ್ತದೆ.

ಇದರ ಬೆನ್ನಿಗೇ ಒಂದು ಐಸ್ ತುಂಡನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿಡಿ. ಉಣ್ಣೆ ಬಿಸಿ ಕೊಡುತ್ತದೆ ಎಂದು ನಂಬಿದ ಮಗುವಿಗೆ ಅದು ಹೊರಗಿನ ತುಂಡಿಗಿಂತ ನಿಧಾನವಾಗಿ ಕರಗುವುದು ಆಶ್ಚರ್ಯ ತರುತ್ತದೆ. ಉಣ್ಣೆ ಶಾಖ ಹುಟ್ಟಿಸುವುದಿಲ್ಲ, ಆಚೀಚೆ ಹೋಗದಂತೆ ತಡೆಯುತ್ತದೆ ಅಷ್ಟೇ. ಐಸ್ ಗಾಡಿಯವರು ದೊಡ್ಡ ಐಸ್ ಗಡ್ಡೆಗೆ ಗೋಣಿ ಹೊದಿಸುವುದು ಅದಕ್ಕೇ.

ಸಂವಹನಕ್ಕೆ ಕಡಲ ದಂಡೆಗಿಂತ ದೊಡ್ಡ ಪ್ರಯೋಗಶಾಲೆ ಬೇಡ. ಎರಡು ಒಂದೇ ರೀತಿಯ ಬಟ್ಟಲುಗಳಲ್ಲಿ ಒಂದೇ ತೂಕದ ಒಣ ಮರಳು, ನೀರು ಹಾಕಿ ಬಿಸಿಲಿನಲ್ಲಿ ಒಂದು ಗಂಟೆ ಇಡಿ. ಥರ್ಮಾಮೀಟರ್ ಎರಡರಲ್ಲೂ ಒಂದೇ ಆಳಕ್ಕೆ ಇರಲಿ. ಮರಳು ಬಹಳ ಬಿಸಿಯಾಗುತ್ತದೆ, ನೀರು ಸ್ವಲ್ಪ. ಹಗಲಿನಲ್ಲಿ ನೆಲವೂ ಹೀಗೇ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಜುಹು, ಮರೀನ್ ಡ್ರೈವ್, ಮಿರಾಮಾರ್‌ಗಳಲ್ಲಿ ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಇದು. ನೋಡಲು ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿಯೇ ಬೀಸುತ್ತಿರುವುದರಿಂದ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಾಗುವುದಿಲ್ಲ.

ವಿಕಿರಣಕ್ಕೆ ಬಿಸಿಲಿನಲ್ಲಿ ಕಪ್ಪು ಬಟ್ಟೆ, ಬಿಳಿ ಬಟ್ಟೆ ಇಟ್ಟು ಮುಟ್ಟಿ ನೋಡಿದರೆ ಸಾಕು.

8. ಶಬ್ದ ಅಂದರೆ ಕಂಪನ

ಡಬ್ಬಿಯ ಬಾಯಿಗೆ ಕತ್ತರಿಸಿದ ಬಲೂನನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಚಿಟಿಕೆ ರವೆ ಉದುರಿಸಿ. ಹತ್ತಿರ ಒಂದು ತಟ್ಟೆ ಬಡಿದರೆ ರವೆ ಕುಣಿಯುತ್ತದೆ. ಬಾಯಿಂದ ಕೂಗುವುದಾದರೆ ಪಕ್ಕದಿಂದ ಕೂಗಬೇಕು. ಉಸಿರು ತಾಗಿದರೆ "ಗಾಳಿಗೆ ಹಾರಿತು" ಎಂದು ಮಗು ತಪ್ಪು ತಿಳಿಯುತ್ತದೆ.

ಶಬ್ದದ ಜೊತೆ ಗಾಳಿಯೂ ಬಾಯಿಯಿಂದ ಕಿವಿವರೆಗೆ ಪ್ರಯಾಣ ಮಾಡುತ್ತದೆ ಎಂಬ ಕಲ್ಪನೆ ಬಹಳ ಮಕ್ಕಳಲ್ಲಿದೆ. ವಿರಾರ್ ಲೋಕಲ್‌ನ ನೂಕನ್ನು ನೆನಪಿಸಿ. ಬಾಗಿಲಲ್ಲಿ ಒಬ್ಬರು ತಳ್ಳಿದರೆ ನೂಕು ಒಳಗಿನ ತನಕ ದಾಟುತ್ತದೆ. ತಳ್ಳಿದವರು ಮಾತ್ರ ಬಾಗಿಲಲ್ಲೇ ಇರುತ್ತಾರೆ. ಗಾಳಿಯ ಕಣಗಳೂ ನಿಂತಲ್ಲೇ ಹಿಂದೆ ಮುಂದೆ ಅಲುಗಾಡಿ ನೂಕನ್ನು ಮುಂದಕ್ಕೆ ಕೊಡುತ್ತವೆ. ಕಣಗಳೇ ಇಲ್ಲದ ಕಡೆ ನೂಕು ದಾಟಿಸುವವರಿಲ್ಲ, ಆದ್ದರಿಂದ ಬಾಹ್ಯಾಕಾಶದಲ್ಲಿ ಶಬ್ದ ಇಲ್ಲ.

9. ಶಬ್ದ ಎಷ್ಟು ಬೇಗ ಓಡುತ್ತದೆ?

ಬಿಲ್ಡಿಂಗಿನ ಮೆಟ್ಟಿಲಿನ ಕಬ್ಬಿಣದ ಕಟಕಟೆಗೆ ಮಗು ಮೂರನೇ ಮಹಡಿಯಲ್ಲಿ ಕಿವಿ ಇಡಲಿ. ನೀವು ಕೆಳಗೆ ನಾಣ್ಯದಿಂದ ಮೆಲ್ಲಗೆ ಬಡಿಯಿರಿ. ಗಾಳಿಯಲ್ಲಿ ಕೇಳಿಸದ ಸದ್ದು ಕಬ್ಬಿಣದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕಟಕಟೆ ನಡುವೆ ಎಲ್ಲೂ ತುಂಡಾಗಿರಬಾರದು. ಶಬ್ದದ ವೇಗ ಗಾಳಿಯಲ್ಲಿ 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್, ಕಡಲ ನೀರಿನಲ್ಲಿ ಸುಮಾರು 1,500, ಉಕ್ಕಿನಲ್ಲಿ 5,000ಕ್ಕೂ ಜಾಸ್ತಿ.

ದಯವಿಟ್ಟು ಇದನ್ನು ಗಮನಿಸಿ. ಶಬ್ದದ ಪಾಠ ಹೇಳುವಾಗ 'ರೈಲು ಹಳಿಗೆ ಕಿವಿ ಇಟ್ಟರೆ ದೂರದ ರೈಲು ಕೇಳುತ್ತದೆ' ಎಂಬ ಉದಾಹರಣೆ ಬರುವುದುಂಟು. ಮುಂಬಯಿಯ ಮಕ್ಕಳಿಗೆ ಹಳಿ ಕೈಗೆಟಕುವ ದೂರದಲ್ಲಿದೆ. ಹಳಿಯ ಹತ್ತಿರ ಹೋಗುವುದೇ ಬೇಡ, ಈ ಪ್ರಯೋಗಕ್ಕೆ ಕಟಕಟೆಯೇ ಸಾಕು ಎಂದು ಬಾಯಿಬಿಟ್ಟು ಹೇಳಿ.

ವೇಗ ಅಳೆಯಲು ಜೂನ್ ಆರಂಭದ ಗುಡುಗು ಮಳೆ ಕಾಯಿರಿ. ಮಿಂಚು ಕಂಡ ಕೂಡಲೇ ಸೆಕೆಂಡು ಎಣಿಸಿ, ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರ ಎಂದು ಗೊತ್ತಾಗುತ್ತದೆ. ಇದನ್ನು ಮನೆಯ ಒಳಗೆ ಕೂತು, ಕಿಟಕಿ ಮುಚ್ಚಿ ಮಾಡಬೇಕು. ತಾರಸಿಯಲ್ಲೋ ಕಡಲ ದಂಡೆಯಲ್ಲೋ ಅಲ್ಲ.

ಪ್ರತಿಧ್ವನಿ ಮನೆಯಲ್ಲಿ ಯಾಕೆ ಬರುವುದಿಲ್ಲ ಎಂದೂ ಕೇಳುತ್ತಾರೆ. ಎರಡು ಸದ್ದುಗಳ ನಡುವೆ ಸುಮಾರು 0.1 ಸೆಕೆಂಡ್ ಅಂತರ ಇದ್ದರೆ ಮಾತ್ರ ಕಿವಿ ಅವನ್ನು ಬೇರೆಯಾಗಿ ಗುರುತಿಸುತ್ತದೆ. ಅಷ್ಟರಲ್ಲಿ ಶಬ್ದ ಸುಮಾರು 34 ಮೀಟರ್ ಹೋಗಿ ಬರುತ್ತದೆ. ಅಂದರೆ ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ನಮ್ಮ ಯಾವ ಕೋಣೆಯೂ ಅಷ್ಟು ಉದ್ದ ಇಲ್ಲ. ಮೈದಾನದ ಆಚೆ ಕಿಟಕಿ ಕಡಿಮೆ ಇರುವ ದೊಡ್ಡ ಗೋಡೆ ಹುಡುಕಿ, ಬೆಳಿಗ್ಗೆ ಬೇಗ ಹೋಗಿ ಚಪ್ಪಾಳೆ ತಟ್ಟಿ. ರಜೆಯಲ್ಲಿ ಊರ ಕಡೆ ಹೋಗುವವರು ವಿಜಯಪುರದ ಗೋಲ್ ಗುಂಬಜ್ ತೋರಿಸಿ. ಪಿಸುಮಾತು ಗುಮ್ಮಟದ ಈ ಬದಿಯಿಂದ ಆ ಬದಿಗೆ ತಲುಪುವುದನ್ನು ಕಿವಿಯಾರೆ ಕೇಳಿದ ಮಗುವಿಗೆ ಶಬ್ದದ ಪ್ರತಿಫಲನವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

10. ಜೋರು ಸದ್ದು ಬೇರೆ, ಕೀರಲು ಸದ್ದು ಬೇರೆ

ಸ್ಟೀಲ್ ಅಡಿಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಹೊರಗಿನ ತುದಿ ಮೀಟಿ. ಜೋರಾಗಿ ಮೀಟಿದರೆ ಸದ್ದು ಜೋರು. ಹೊರಗಿನ ಭಾಗ ಗಿಡ್ಡ ಮಾಡಿದರೆ ಸದ್ದು ಕೀರಲು. ಮೊದಲನೆಯದು ಕಂಪನ ಎಷ್ಟು ಅಗಲ ಎಂಬುದರಿಂದ, ಎರಡನೆಯದು ಸೆಕೆಂಡಿಗೆ ಎಷ್ಟು ಸಲ ಎಂಬುದರಿಂದ. ಸೆಕೆಂಡಿಗೆ ಒಂದು ಕಂಪನಕ್ಕೆ 1 ಹರ್ಟ್ಜ್ ಎನ್ನುತ್ತಾರೆ. ಮನುಷ್ಯರ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿ ಕಡಿಮೆಯಾಗುತ್ತಾ ಬರುತ್ತದೆ.

ಈಗ ಒಂದು ಪ್ರಯೋಗ. ಇದರಲ್ಲಿ ದೊಡ್ಡವರೂ ಎಡವುತ್ತಾರೆ. ಗಾಜಿನ ಬಾಟಲಿಗೆ ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಚಮಚದಿಂದ ತಟ್ಟಿ. ನೀರು ಜಾಸ್ತಿಯಾದಂತೆ ಸ್ವರ ಇಳಿಯುತ್ತದೆ. ಅದೇ ಬಾಟಲಿಯ ಬಾಯಿಗೆ ತುಟಿ ಇಟ್ಟು ಅಡ್ಡವಾಗಿ ಊದಿ. ನೀರು ಜಾಸ್ತಿಯಾದಂತೆ ಸ್ವರ ಏರುತ್ತದೆ! ಒಂದೇ ಬಾಟಲಿ, ಒಂದೇ ನೀರು, ಉಲ್ಟಾ ಫಲ. ತಟ್ಟಿದಾಗ ಕಂಪಿಸುವುದು ಗಾಜು. ನೀರು ಸೇರಿದಷ್ಟೂ ಅದಕ್ಕೆ ಭಾರ, ಕಂಪನ ನಿಧಾನ. ಊದಿದಾಗ ಕಂಪಿಸುವುದು ಒಳಗಿನ ಗಾಳಿ. ನೀರು ಏರಿದಷ್ಟೂ ಗಾಳಿಯ ಕಂಬ ಗಿಡ್ಡ, ಕಂಪನ ಬೇಗ. ಇಲ್ಲಿ "ನೀರು ಜಾಸ್ತಿ ಆದರೆ ಏನಾಗುತ್ತೆ?" ಎಂದು ಕೇಳಬೇಡಿ. "ಇಲ್ಲಿ ಕಂಪಿಸುತ್ತಿರುವುದು ಯಾವುದು?" ಎಂದು ಕೇಳಿ. ಶಬ್ದದ ಯಾವ ಲೆಕ್ಕಕ್ಕೂ ಈ ಪ್ರಶ್ನೆ ದಾರಿ ತೋರಿಸುತ್ತದೆ.

ಸದ್ದಿನ ಜೋರನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. 10 ಡೆಸಿಬಲ್ ಏರಿದರೆ ಶಬ್ದದ ತೀವ್ರತೆ 10 ಪಟ್ಟು, 20 ಏರಿದರೆ 100 ಪಟ್ಟು. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಗಣಪತಿ ಹಬ್ಬದ ದಿನಗಳಲ್ಲಿ ಫೋನಿನ ಆ್ಯಪ್‌ನಿಂದ ನಿಮ್ಮ ಕಿಟಕಿಯಲ್ಲಿ ಅಳೆದು ನೋಡಿ. ಫೋನಿನ ಅಂಕಿ ಪಕ್ಕಾ ಅಲ್ಲ, ಬೆಳಿಗ್ಗೆಗೂ ಸಂಜೆಗೂ ಹೋಲಿಸಲು ಮಾತ್ರ ಬಳಸಿ. ಸ್ಪೀಕರಿನ ಎದುರು ಮಕ್ಕಳನ್ನು ನಿಲ್ಲಿಸಬೇಡಿ.

11. ಇಷ್ಟಾದ ಮೇಲೆ

ಪುಸ್ತಕ ತೆಗೆಯುವುದು ಈಗ. ಮಗು ಪಾಠ ಓದಿ, ಪ್ರತಿ ವ್ಯಾಖ್ಯೆಯ ಪಕ್ಕದಲ್ಲಿ ತನ್ನ ನೋಟ್‌ಬುಕ್‌ನ ಯಾವ ಪ್ರಯೋಗ ಅದಕ್ಕೆ ಸೇರುತ್ತದೆ ಎಂದು ಪುಟಸಂಖ್ಯೆ ಹಾಕಲಿ. ಜೋಡಿ ಸಿಗದ ವ್ಯಾಖ್ಯೆಗಳನ್ನು ಮಾತ್ರ ನೀವು ಕೂತು ಹೇಳಿಕೊಡಿ.

ಮುಂಬಯಿಯವರು ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಮಕ್ಕಳ ವಿಜ್ಞಾನ ಉದ್ಯಾನ 1979ರಲ್ಲೂ, ಪೂರ್ತಿ ಕೇಂದ್ರ 1985ರಲ್ಲೂ ತೆರೆಯಿತು. ಗೋವಾದವರಿಗೆ ಪಣಜಿಯ ಮಿರಾಮಾರ್‌ನಲ್ಲಿ ಗೋವಾ ವಿಜ್ಞಾನ ಕೇಂದ್ರ ಇದೆ. ಎರಡೂ ಕಡೆ ಮಕ್ಕಳೇ ಮುಟ್ಟಿ, ತಿರುಗಿಸಿ ನೋಡುವ ಮಾದರಿಗಳಿವೆ. ಒಂದೇ ದಿನ ಎಲ್ಲವನ್ನೂ ತೋರಿಸಲು ಹೋದರೆ ಏನೂ ಉಳಿಯುವುದಿಲ್ಲ. ನೋಟ್‌ಬುಕ್‌ನಲ್ಲಿ 'ಯಾಕೆ' ಕಾಲಂ ಖಾಲಿ ಉಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡು ಹೋಗಿ, ಅದಕ್ಕೆ ಸಂಬಂಧಪಟ್ಟ ಮಾದರಿಗಳ ಮುಂದೆ ಮಾತ್ರ ನಿಲ್ಲಿ. ನೋಟ್‌ಬುಕ್, ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ.